ನೀವು ರಜೆಗೆ ಹೋದಾಗ ಸೆಕ್ಷನ್ ಯಾರ ಕೈಲಿ?

ಮದ್ರಾಸ್ ರೆಜಿಮೆಂಟಿಗೆ ಸಿಪಾಯಿಯಾಗಿ ಸೇರಿ ಸುಬೇದಾರರಾಗಿ ನಿವೃತ್ತರಾದ ಲೇಖಕರು ಈಗ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಸೇನೆಯ ಕೆಳಹಂತದ ನಾಯಕರು ತಮ್ಮ ಕೈಕೆಳಗಿನವರನ್ನು ಹೇಗೆ ತಯಾರು ಮಾಡುತ್ತಾರೆ ಎಂದು ಕೇಳಿ ಬಂದ ಪತ್ರಗಳಿಗೆ ಈ ಸಲ ಉತ್ತರಿಸಿದ್ದಾರೆ.

ನಾನು ಲ್ಯಾನ್ಸ್ ನಾಯಕ್ (ಸಿಪಾಯಿಯ ಮೇಲಿನ ಮೊದಲ ದರ್ಜೆ), ರಜೆಯಲ್ಲಿ ಊರಿಗೆ ಬಂದಿದ್ದೇನೆ. ನಮ್ಮ ಹತ್ತು ಜನರ ತುಕಡಿಯ, ಅಂದರೆ ಸೆಕ್ಷನ್ನಿನ, ಟೂ-ಐ-ಸಿ (ಸೆಕೆಂಡ್-ಇನ್-ಕಮಾಂಡ್, ಕಮಾಂಡರ್ ಇಲ್ಲದಾಗ ನಡೆಸುವವನು) ಜವಾಬ್ದಾರಿ ಹೊಸದಾಗಿ ಬಂದಿದೆ. ನನಗಿಂತ ಸರ್ವಿಸ್ ಜಾಸ್ತಿ ಆದ ಸಿಪಾಯಿಗಳೂ ಇದ್ದಾರೆ, ನಿನ್ನೆ ಮೊನ್ನೆ ಬಂದ ಅಗ್ನಿವೀರರೂ ಇದ್ದಾರೆ. ಒಂದು ಕೆಲಸ ಹೇಳಿ ಅವರು ಮುಗಿಸುವವರೆಗೆ ಕಾಯುವುದಕ್ಕಿಂತ ನಾನೇ ಮಾಡಿದರೆ ಬೇಗ ಆಗುತ್ತದೆ. ಆದರೆ ನಮ್ಮ ಹವಾಲ್ದಾರ್ 'ಎಲ್ಲಾ ನೀನೇ ಮಾಡಬೇಡ' ಎಂದು ಬೈಯುತ್ತಾರೆ. ಇದರಲ್ಲಿ ತಪ್ಪೇನು?
*ಹೊಸನಗರ ತಾಲ್ಲೂಕಿನ ಓದುಗ*

ನಿಮ್ಮ ಹವಾಲ್ದಾರ್ ಹೇಳಿದ್ದು ಸರಿ. ಯಾಕೆ ಸರಿ ಎಂದು ತಿಳಿಯಬೇಕಾದರೆ ನಿಮ್ಮ ಸೆಕ್ಷನ್ನಿನ ರಜೆ ಪಟ್ಟಿ ತೆಗೆದು ನೋಡಿ. ಹಳೆಯ ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, ಅದರ ಮೇಲೆ 30 ದಿನ ಕ್ಯಾಷುಯಲ್ ರಜೆ. ಅಗ್ನಿವೀರರಿಗೆ ವರ್ಷಕ್ಕೆ 30 ದಿನ. ಹತ್ತು ಜನರ ಸೆಕ್ಷನ್ ಎನ್ನುವುದು ಕಾಗದದ ಮೇಲಿನ ಮಾತು. ಯಾವ ದಿನ ಎಣಿಸಿದರೂ ಇಬ್ಬರು ಊರಲ್ಲಿ, ಒಬ್ಬ ಕೋರ್ಸಿನಲ್ಲಿ, ಇನ್ನೊಬ್ಬ ಎಂ.ಐ. ರೂಮಿನಲ್ಲಿ (ಯೂನಿಟ್ಟಿನ ಚಿಕಿತ್ಸಾ ಕೋಣೆಯಲ್ಲಿ) ಜ್ವರ ಬಂದು ಮಲಗಿರುತ್ತಾನೆ. ಸೆಕ್ಷನ್ ಕಮಾಂಡರೂ ರಜೆಗೆ ಹೋಗುತ್ತಾರೆ, ನೀವೂ ಹೋಗುತ್ತೀರಿ. ಈಗ ನೀವು ಹೊಸನಗರದಲ್ಲಿ ಮನೆಯ ಜಗಲಿಯಲ್ಲಿ ಕೂತು ಪತ್ರ ಬರೆದಿದ್ದೀರಲ್ಲ, ಈ ಹೊತ್ತಿಗೆ ಅಲ್ಲಿ ಸಂತ್ರಿ ಬದಲಾಯಿಸುತ್ತಿರುವವರು ಯಾರು? ಮದ್ದುಗುಂಡಿನ ಲೆಕ್ಕ ತೆಗೆದುಕೊಂಡವರು ಯಾರು? ಅವರಿಗೆ ಆ ಕೆಲಸ ಬರುತ್ತದೆ ಎಂಬ ಧೈರ್ಯ ನಿಮಗಿದೆಯೇ? ಇದ್ದರೆ ನೀವು ಒಳ್ಳೆಯ ಟೂ-ಐ-ಸಿ. ಇಲ್ಲದಿದ್ದರೆ ನೀವು ಒಳ್ಳೆಯ ಸಿಪಾಯಿ ಮಾತ್ರ.

ಶಾಂತಿಕಾಲದಲ್ಲಿ ಇದು ರಜೆಯ ಲೆಕ್ಕ. ಗುಂಡು ಹಾರುವಾಗ ಬೇರೆಯದೇ ಲೆಕ್ಕ. 1948ರ ಫೆಬ್ರುವರಿ 6ರಂದು ಜಮ್ಮು-ಕಾಶ್ಮೀರದ ನೌಷೇರಾದ ಬಳಿ ತೈನ್‌ಧಾರ್‌ನಲ್ಲಿ ಒಂದನೇ ರಜಪೂತ್ ಬೆಟಾಲಿಯನ್ನಿನ ನಾಯಕ್ ಜದುನಾಥ್ ಸಿಂಗ್ ಒಂದು ಪಿಕೆಟ್ (ಮುಂಚೂಣಿಯ ಸಣ್ಣ ಕಾವಲು ನೆಲೆ) ಹಿಡಿದಿದ್ದರು. ಪಿಕೆಟ್‌ನಲ್ಲಿದ್ದದ್ದು ಒಂಬತ್ತು ಜನ. ಶತ್ರು ಅಲೆ ಅಲೆಯಾಗಿ ಬಂದ. ಮೊದಲ ದಾಳಿ ಹಿಮ್ಮೆಟ್ಟಿಸುವಷ್ಟರಲ್ಲಿ ನಾಲ್ವರಿಗೆ ಗಾಯ. ಜದುನಾಥ್ ಉಳಿದವರನ್ನು ಹೊಸದಾಗಿ ಜೋಡಿಸಿ ಎರಡನೇ ದಾಳಿಗೆ ಎದೆಕೊಟ್ಟರು. ಅದರಲ್ಲಿ ಎಲ್ಲರೂ ಗಾಯಗೊಂಡರು. ಬ್ರೆನ್ ಎಂಬ ಹಗುರ ಮೆಷಿನ್ ಗನ್ ಹಿಡಿದಿದ್ದ ಗನ್ನರ್ ಬಿದ್ದಾಗ ಗನ್ ತಾವೇ ಹಿಡಿದರು. ಮೂರನೇ ಸಲ ಸ್ಟೆನ್ ಗನ್ ಹಿಡಿದು ಒಬ್ಬರೇ ಹೊರಗೆ ನುಗ್ಗಿದರು, ಅಲ್ಲೇ ಪ್ರಾಣಬಿಟ್ಟರು. ಅವರಿಗೆ ಪರಮವೀರ ಚಕ್ರ ಬಂತು. ಈ ಕಥೆ ಹೇಳುವವರು ಕೊನೆಯ ನುಗ್ಗುವಿಕೆಯನ್ನೇ ಹೇಳುತ್ತಾರೆ. ನನ್ನ ಮನಸ್ಸು ಹೋಗುವುದು ಮೊದಲ ಮತ್ತು ಎರಡನೇ ದಾಳಿಯ ನಡುವಿನ ಆ ಚೂರು ಹೊತ್ತಿಗೆ. ಅರ್ಧ ಜನ ಗಾಯಗೊಂಡಾಗ ಉಳಿದವರನ್ನು ಕ್ಷಣದಲ್ಲಿ ಮತ್ತೆ ಜೋಡಿಸಲು ಸಾಧ್ಯವಾಗುವುದು ಒಬ್ಬನ ಕೆಲಸ ಇನ್ನೊಬ್ಬನಿಗೆ ಬರುವಾಗ ಮಾತ್ರ. ಅದನ್ನು ಗುಂಡಿನ ನಡುವೆ ಕಲಿಸಲು ಆಗುವುದಿಲ್ಲ. ಏನೂ ಆಗದ ಮಂಗಳವಾರ ಮಧ್ಯಾಹ್ನಗಳಲ್ಲಿ ಕಲಿಸಿರಬೇಕು.

ಹೇಗೆ ಕಲಿಸುವುದು? ವಿಧಾನ ನಿಮಗೆ ಗೊತ್ತೇ ಇದೆ. ಟ್ರೇನಿಂಗ್ ಸೆಂಟರಿನಲ್ಲಿ ಕಲಿಸುವ ಉಸ್ತಾದರು ದಿನಾ ಮಾಡಿದ್ದೇ ಅದು: ಬಯಾನ್, ನಮೂನಾ, ನಕಲ್, ಅಭ್ಯಾಸ್. ಮೊದಲು ಬಾಯಲ್ಲಿ ಹೇಳು, ಆಮೇಲೆ ಮಾಡಿ ತೋರಿಸು, ಆಮೇಲೆ ನಿನ್ನ ಜೊತೆಗೇ ಅವನು ಮಾಡಲಿ, ಕೊನೆಗೆ ಅವನೊಬ್ಬನೇ ಮಾಡುತ್ತಾ ಹೋಗಲಿ. ನೀಲಗಿರಿಯ ವೆಲ್ಲಿಂಗ್ಟನ್ನಿನ ನಮ್ಮ ಸೆಂಟರಿನಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳದ ಹುಡುಗರು ಒಂದೇ ಸ್ಕ್ವಾಡಿನಲ್ಲಿದ್ದೆವು. ಹಿಂದಿ ಯಾರಿಗೂ ನೆಟ್ಟಗೆ ಬರುತ್ತಿರಲಿಲ್ಲ. ಉಸ್ತಾದರು ಬಯಾನ್ ಚಿಕ್ಕದು ಮಾಡಿ ನಮೂನಾ ದೊಡ್ಡದು ಮಾಡಿದರು. ರೈಫಲ್ಲಿನ ಹಿಡಿತ ತೋರಿಸುವಾಗ ಮಾತೇ ಆಡುತ್ತಿರಲಿಲ್ಲ. ಮಲಗಿ, ಬಟ್ಟನ್ನು ಭುಜದ ಗುಳಿಗೆ ಒತ್ತಿ, ಉಸಿರು ಬಿಟ್ಟು, ನಿಲ್ಲಿಸಿ, ಟ್ರಿಗರ್ ಎಳೆಯುತ್ತಿದ್ದರು. ಆಮೇಲೆ ನಮ್ಮನ್ನು ಮಲಗಿಸಿ ಪಕ್ಕದಲ್ಲೇ ತಾವೂ ಮಲಗುತ್ತಿದ್ದರು. ಬ್ಯಾರೆಲ್ಲಿನ ತುದಿಯಲ್ಲಿ ನಾಣ್ಯ ಇಟ್ಟು, ಖಾಲಿ ರೈಫಲ್ಲಿನ ಟ್ರಿಗರ್ ಎಳೆದಾಗ ಅದು ಬೀಳಬಾರದು ಎನ್ನುತ್ತಿದ್ದರು. ಐದು ಗುಂಡಿನ ಗ್ರೂಪಿಂಗ್ ಫೈರಿಗೆ ಹೋಗುವ ಮೊದಲು ಸಂಜೆಗಳೆಲ್ಲ ಆ ನಾಣ್ಯದ ಜೊತೆಗೇ ಕಳೆದವು.

ಯೂನಿಟ್ಟಿಗೆ ಬಂದ ಮೇಲೆ ಹೆಚ್ಚಿನ ಲ್ಯಾನ್ಸ್ ನಾಯಕರು ನಾಲ್ಕರಲ್ಲಿ ಮೊದಲಿನ ಎರಡೇ ಮಾಡುತ್ತಾರೆ. ಹೇಳುತ್ತಾರೆ, ಮಾಡಿ ತೋರಿಸುತ್ತಾರೆ, 'ಸಮಜ್‌ಗಯಾ?' ಎನ್ನುತ್ತಾರೆ. ಹುಡುಗ ಹೌದು ಎನ್ನುತ್ತಾನೆ. ಹೌದು ಅನ್ನದೆ ಅವನಿಗೆ ಬೇರೆ ದಾರಿ ಎಲ್ಲಿದೆ? ಅಲ್ಲಿಗೆ ಮುಗಿಯಿತು. ನಿಮಗೆ ನನ್ನ ಬಿನ್ನಹ ಇಷ್ಟು: ಕೊನೆಯ ಎರಡಕ್ಕೆ ಹೊತ್ತು ಕೊಡಿ. ಸಂಜೆ ರೋಲ್ ಕಾಲಿಗೆ ರಿಪೋರ್ಟ್ ಕೊಡುವುದನ್ನು ಒಂದು ವಾರ ಒಬ್ಬ ಅಗ್ನಿವೀರನಿಗೆ ಬಿಡಿ. ಎಣಿಕೆ ತಪ್ಪಿದರೆ ಅವನೇ ಮತ್ತೆ ಎಣಿಸಲಿ, ನೀವು ಪಕ್ಕದಲ್ಲಿ ಸುಮ್ಮನೆ ನಿಲ್ಲಿ. ಗಸ್ತಿನಿಂದ ಮರಳುವಾಗ ಅಪಾಯ ಕಡಿಮೆಯಿರುವ ಕೊನೆಯ ತುಂಡು ದಾರಿಯಲ್ಲಿ ನಕ್ಷೆ, ಕಂಪಾಸ್ ಅವನ ಕೈಗೆ ಕೊಡಿ, ನೀವು ಮೂರನೆಯವರಾಗಿ ನಡೆಯಿರಿ. ಎಲ್‌ಎಂಜಿ (ಲೈಟ್ ಮೆಷಿನ್ ಗನ್) ಅಭ್ಯಾಸದಲ್ಲಿ ಇದ್ದಕ್ಕಿದ್ದಂತೆ 'ನಂಬರ್ ಒನ್ ಜಖ್ಮಿ', ಅಂದರೆ ಗನ್ ಹಿಡಿದವನಿಗೆ ಗಾಯ, ಎಂದು ಕೂಗಿ. ನಂಬರ್ ಟೂ ಗನ್ ಹಿಡಿಯಲು ಎಷ್ಟು ಹೊತ್ತು ತೆಗೆದುಕೊಂಡ ನೋಡಿ. ಮುಂದಿನ ಸಲ 'ಸೆಕ್ಷನ್ ಕಮಾಂಡರ್ ಜಖ್ಮಿ' ಎನ್ನಿ. ಆಗ ಎಲ್ಲರ ಕಣ್ಣೂ ನಿಮ್ಮ ಕಡೆ ತಿರುಗುತ್ತದೆ. ಇನ್ನೊಂದು ಸಲ 'ಟೂ-ಐ-ಸಿಯೂ ಜಖ್ಮಿ' ಎಂದು ನೀವೇ ಹೇಳಿ ಕೂತುಬಿಡಿ. ಆಗ ಯಾರು ಬಾಯಿ ತೆರೆದು ಹುಕುಂ ಕೊಡುತ್ತಾನೋ ಅವನ ಹೆಸರನ್ನು ಮನಸ್ಸಿನಲ್ಲಿ ಬರೆದುಕೊಳ್ಳಿ. ಎಷ್ಟೋ ಸಲ ನೀವು ಎಣಿಸದ ಹುಡುಗನೇ ಅವನಾಗಿರುತ್ತಾನೆ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬರುವ ದಾರಿಯಲ್ಲಿ ಸಕ್ರೆಬೈಲಿನ ಆನೆ ಬಿಡಾರದಲ್ಲಿ ನೋಡಿ. ಬೆಳಿಗ್ಗೆ ಆನೆಯನ್ನು ತುಂಗೆಯ ಹಿನ್ನೀರಿಗೆ ಇಳಿಸುವಾಗ ಮಾವುತ ದಡದಲ್ಲಿ ನಿಂತು ಕೆಲಸವನ್ನು ತನ್ನ ಸಹಾಯಕ ಕಾವಾಡಿಗೆ ಬಿಡುತ್ತಾನೆ. ಕಣ್ಣು ಮಾತ್ರ ಆನೆಯ ಕಿವಿಯ ಮೇಲೆಯೇ ಇರುತ್ತದೆ. ಕೆಲಸ ಬಿಟ್ಟುಕೊಡುವುದು, ಕಣ್ಣು ಬಿಡದಿರುವುದು: ನೀವು ಅಭ್ಯಾಸ ಮಾಡಬೇಕಾದದ್ದು ಇದೇ.

ಸರ್ವಿಸ್ ಜಾಸ್ತಿಯಾದ ಸಿಪಾಯಿಗಳ ವಿಷಯ ಬೇರೆ. ಅವರಿಗೆ ನೀವು ಕಲಿಸಲು ಹೋದರೆ ಮುಖ ತಿರುಗಿಸುತ್ತಾರೆ, ಅದು ಸಹಜ. ಪ್ರಮೋಷನ್ ಕೇಡರಿನಲ್ಲಿ (ಬಡ್ತಿಗೆ ಮುಂಚಿನ ತರಬೇತಿ, ಪರೀಕ್ಷೆಯಲ್ಲಿ) ನಪಾಸಾದ ನೋವು ಅವರಲ್ಲಿ ಕೆಲವರಿಗೆ ಇದ್ದೇ ಇರುತ್ತದೆ. ಅವರಿಗೆ ಕಲಿಸಬೇಡಿ, ಕಲಿಸುವ ಕೆಲಸವನ್ನೇ ಕೊಡಿ. ಒಬ್ಬರಿಗೆ ಬಂಕರ್ ಕಟ್ಟುವುದು ಚೆನ್ನಾಗಿ ಬರುತ್ತದೆ, ಇನ್ನೊಬ್ಬರಿಗೆ ಕತ್ತಲಲ್ಲಿ ದಾರಿ ಹಿಡಿಯುವುದು. ಕ್ಲಾಸು ಅವರೇ ತೆಗೆದುಕೊಳ್ಳಲಿ, ನೀವು ಹುಡುಗರ ಸಾಲಿನಲ್ಲಿ ಕೂತು ಕೇಳಿ. ಸೆಕ್ಷನ್ನಿಗೆ ಏನಾದರೂ ಹೇಳುವ ಮುಂಚೆ ಐದು ನಿಮಿಷ ಅವರನ್ನು ಪಕ್ಕಕ್ಕೆ ಕರೆದು 'ಹೀಗೆ ಮಾಡೋಣ ಅಂತಿದ್ದೇನೆ, ನಿಮಗೇನು ಅನ್ನಿಸುತ್ತದೆ' ಎಂದು ಕೇಳಿ. ಅವರು ಹೇಳಿದ್ದು ಸರಿಯಿದ್ದರೆ ಒಪ್ಪಿ, ಎಲ್ಲರೆದುರು ಅವರ ಹೆಸರು ಹೇಳಿ. ಸರಿಯಿಲ್ಲದಿದ್ದರೆ ಯಾಕೆ ಎಂದು ಅಲ್ಲೇ, ಪಕ್ಕದಲ್ಲೇ ಹೇಳಿ ಮುಗಿಸಿ.

ಮುಂದೆ ನಿಮ್ಮನ್ನು ಸೆಕ್ಷನ್ ಕಮಾಂಡರ್ ಕೋರ್ಸಿಗೆ ಕಳಿಸುತ್ತಾರೆ. ಇನ್ಫೆಂಟ್ರಿ ಸ್ಕೂಲಿನ ಜೂನಿಯರ್ ಲೀಡರ್ಸ್ ವಿಂಗ್ ನಮ್ಮ ಬೆಳಗಾವಿಯಲ್ಲೇ ಇದೆ. ಅಲ್ಲಿ ಕಲಿತು ಬಂದ ನೋಟ್ ಬುಕ್ಕನ್ನು ಟ್ರಂಕಿನಲ್ಲಿ ಇಟ್ಟು ಬೀಗ ಹಾಕುವವರನ್ನು ಕಂಡಿದ್ದೇನೆ. ನೀವು ಹಾಗೆ ಮಾಡಬೇಡಿ. ಕೋರ್ಸಿನಿಂದ ಬಂದ ವಾರವೇ ಸೆಕ್ಷನ್ನಿಗೆ ಹಂಚಿಬಿಡಿ.

ಮಗ ಅಗ್ನಿವೀರನಾಗಿ ಸೇರಿ ಟ್ರೇನಿಂಗ್ ಸೆಂಟರಿನಲ್ಲಿದ್ದಾನೆ. ಭಾನುವಾರ ಫೋನ್ ಮಾಡಿದಾಗ 'ಉಸ್ತಾದ್ ಕೂಗುತ್ತಾರೆ, ಉರುಳಾಡಿಸುತ್ತಾರೆ' ಎನ್ನುತ್ತಾನೆ. ದನಿ ಸಣ್ಣಗಾಗಿದೆ. ನಾನು ಹೆದರಬೇಕೇ?
*ಸೊರಬದ ಒಬ್ಬ ತಾಯಿ*

ಅಮ್ಮಾ, ಕೂಗಿಗೆ ಹೆದರಬೇಡಿ. ಪರೇಡ್ ಮೈದಾನದಲ್ಲಿ ಇಡೀ ಸ್ಕ್ವಾಡಿಗೆ ಕೇಳಬೇಕಾದರೆ ಹೊಟ್ಟೆಯಿಂದಲೇ ದನಿ ಬರಬೇಕು. ಅಗ್ನಿವೀರರ ತರಬೇತಿ ಹಿಂದಿನ ರಂಗ್‌ರೂಟರಿಗೆ (ಹೊಸ ಸೇರ್ಪಡೆಯವರಿಗೆ) ಇದ್ದದ್ದಕ್ಕಿಂತ ಚಿಕ್ಕದು. ಅಷ್ಟರೊಳಗೆ ಮನೆಯಲ್ಲಿ ಎಂಟು ಗಂಟೆಗೆ ಏಳುತ್ತಿದ್ದ ಹುಡುಗ ರೈಫಲ್ ಹೊತ್ತು ಐದು ಕಿಲೋಮೀಟರ್ ಓಡಿ, ಹಗ್ಗ ಹತ್ತಿ, ಒಂಬತ್ತು ಅಡಿಯ ಹಳ್ಳ ಹಾರುವಂತಾಗಬೇಕು. ಉಸ್ತಾದರಿಗೂ ಹೊತ್ತು ಸಾಲುವುದಿಲ್ಲ. ಉರುಳಾಟ, ಓಟ ಮೈ ಗಟ್ಟಿಮಾಡಲು ಇರುವಂಥವು. ಒಂದಷ್ಟು ದಿನ ಮೈಕೈ ನೋಯುತ್ತದೆ.

ಆದರೆ ಗಡುಸು ಬೇರೆ, ಹಿಂಸೆ ಬೇರೆ. ಕೈಕೆಳಗಿನವನ ಮೇಲೆ ಕೈಮಾಡುವ, ಹಿಂಸಿಸುವ ಹಕ್ಕು ಯಾವ ಉಸ್ತಾದನಿಗೂ, ಯಾವ ಅಧಿಕಾರಿಗೂ ಇಲ್ಲ. 1950ರ ಸೇನಾ ಕಾಯ್ದೆಯ 47ನೇ ಸೆಕ್ಷನ್ ಇರುವುದೇ ಅದಕ್ಕೆ. ಕೋರ್ಟ್ ಮಾರ್ಷಲ್‌ನಲ್ಲಿ ತಪ್ಪು ಸಾಬೀತಾದರೆ 7 ವರ್ಷದವರೆಗೆ ಜೈಲಾಗಬಹುದು. ಇದನ್ನು ನಾನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ, ಮಗನ ಹಿಂದೆ ಕಾನೂನು ನಿಂತಿದೆ ಎಂದು ತಿಳಿದಿರಲಿ ಎಂದು ಹೇಳುತ್ತಿದ್ದೇನೆ. ಮುಂದಿನ ಭಾನುವಾರ 'ಕೂಗುತ್ತಾರಾ' ಎಂದು ಕೇಳಬೇಡಿ. 'ಕಾಲು ಬೊಬ್ಬೆ ಬಂದಾಗ ಉಸ್ತಾದ್ ನೋಡಿದರಾ? ಜ್ವರ ಬಂದಾಗ ಎಂ.ಐ. ರೂಮಿಗೆ ಕಳಿಸಿದರಾ? ತಪ್ಪಿದ್ದನ್ನು ಮತ್ತೊಮ್ಮೆ ತೋರಿಸಿಕೊಟ್ಟರಾ?' ಎಂದು ಕೇಳಿ. ಈ ಮೂರಕ್ಕೂ ಹೌದು ಎಂದರೆ ಅವನು ಒಳ್ಳೆಯವರ ಕೈಯಲ್ಲಿದ್ದಾನೆ. ಇಲ್ಲ ಎಂದರೆ ತನ್ನ ಕಂಪನಿಯ ಸುಬೇದಾರರನ್ನೋ ಕಂಪನಿ ಕಮಾಂಡರನ್ನೋ ಕಂಡು ಮಾತಾಡಲು ಹೇಳಿ. ಭೇಟಿಗೆ ಕೇಳುವ ಹಕ್ಕು ಅವನಿಗಿದೆ. ಕೇಳಿದರೆ ಹೇಡಿ ಎಂದುಕೊಳ್ಳುತ್ತಾರೆ ಎಂಬ ಅಂಜಿಕೆ ಹುಡುಗರಲ್ಲಿರುತ್ತದೆ. ಅದನ್ನು ತೆಗೆಯಲು ತಾಯಿಯ ಮಾತಿಗಿಂತ ದೊಡ್ಡದಿಲ್ಲ.

ಇನ್ನೊಂದು ವಿಷಯ. ನಾಲ್ಕು ವರ್ಷ ಮುಗಿದ ಮೇಲೆ ಬ್ಯಾಚಿನಲ್ಲಿ ಶೇಕಡಾ 25ರಷ್ಟು ಜನರನ್ನು ಮಾತ್ರ ಕಾಯಂ ಇಟ್ಟುಕೊಳ್ಳುತ್ತಾರೆ. ಆ ನಾಲ್ಕು ವರ್ಷದಲ್ಲಿ ಅವನನ್ನು ದಿನವೂ ನೋಡುವವನು ಸೆಕ್ಷನ್ ಕಮಾಂಡರ್. ಅದಕ್ಕೇ ಇವತ್ತಿನ ನಾಯಕ್, ಹವಾಲ್ದಾರರ ಹೆಗಲ ಮೇಲಿನ ಭಾರ ನಮ್ಮ ಕಾಲಕ್ಕಿಂತ ಹೆಚ್ಚು ಎಂದು ನಾನು ನಂಬಿದ್ದೇನೆ. ಸೆಂಟರಿನಲ್ಲಿ ಉಳಿದದ್ದನ್ನು ಅವರು ಯೂನಿಟ್ಟಿನಲ್ಲಿ ತುಂಬಿಸಬೇಕು. ಕಾಯಂ ಆಗದೆ ಊರಿಗೆ ಮರಳುವ ಹುಡುಗನೂ ನಾಲ್ಕು ಜನರನ್ನು ನಡೆಸುವುದು ಕಲಿತೇ ಬರಬೇಕು.

ತಪ್ಪು ಮಾಡಿದವನನ್ನು ಎಲ್ಲರೆದುರು ತಿದ್ದಬೇಕೋ, ಒಬ್ಬನನ್ನೇ ಕರೆದು ತಿದ್ದಬೇಕೋ?
*ಭದ್ರಾವತಿಯ ಓದುಗ*

ರೈಫಲ್ಲಿನ ಮೂತಿ ಗೆಳೆಯನ ಕಡೆ ತಿರುಗಿದರೆ ಅಲ್ಲೇ, ಆ ಕ್ಷಣವೇ, ಎಲ್ಲರೆದುರು. ಜಾಂಚ್ ಶಸ್ತ್ರ, ಅಂದರೆ ಹತಾರು ಖಾಲಿಯಿದೆಯೇ ಎಂಬ ತಪಾಸಣೆ, ಮಾಡದೆ ಹತಾರು ಒಪ್ಪಿಸಿದರೂ ಹಾಗೆಯೇ. ಜೀವ ತೆಗೆಯಬಲ್ಲ ತಪ್ಪಿಗೆ ಮುಲಾಜಿಲ್ಲ. ಉಳಿದ ಎಲ್ಲಕ್ಕೂ ಒಬ್ಬನನ್ನೇ ಕರೆಯಿರಿ.

ನಾನು ಅರಣ್ಯ ಇಲಾಖೆಯಲ್ಲಿ ಗಾರ್ಡ್. ಆಗುಂಬೆ ಕಡೆಯ ಕಾಡಿನಲ್ಲಿ ಕಳ್ಳಬೇಟೆ ತಡೆ ಶಿಬಿರದಲ್ಲಿ ವಾಚರುಗಳ ಜೊತೆ ಗಸ್ತು ತಿರುಗುತ್ತೇವೆ. ಬಂದು ಬಟ್ಟೆ ಒಣಗಿಸಿ, ಉಂಡು ಮಲಗುತ್ತೇವೆ. ಮಾರನೇ ದಿನ ಅವೇ ತಪ್ಪುಗಳು. ಸೇನೆಯಲ್ಲಿ ಗಸ್ತು ಮುಗಿದ ಮೇಲೆ ಏನು ಮಾಡುತ್ತಾರೆ?
*ತೀರ್ಥಹಳ್ಳಿ ತಾಲ್ಲೂಕಿನ ಓದುಗ*

ಬಟ್ಟೆ ಒಣಗಿಸುವ ಮೊದಲು ಕೂತು ಮಾತಾಡುತ್ತಾರೆ. ನಾವು ಡಿಬ್ರೀಫಿಂಗ್ ಎನ್ನುತ್ತೇವೆ. ಹತಾರು ಖಾಲಿ ಮಾಡಿ ಪರೀಕ್ಷಿಸಿದ ಮೇಲೆ, ಒಂದು ಲೋಟ ಚಹಾ ಕೈಗೆ ಕೊಟ್ಟು, ಸುತ್ತ ಕೂರಿಸುತ್ತಾರೆ. ನೆನಪು ಹಸಿಯಿರುವಾಗ ಹೇಳಿದ್ದಕ್ಕೂ ನಿದ್ದೆ ಮಾಡಿ ಎದ್ದು ಹೇಳಿದ್ದಕ್ಕೂ ಬಹಳ ಅಂತರ.

ಇದರಲ್ಲಿ ಮುಖ್ಯವಾದದ್ದು ಯಾರು ಮೊದಲು ಬಾಯಿ ತೆರೆಯುತ್ತಾರೆ ಎನ್ನುವುದು. ಎಲ್ಲರಿಗಿಂತ ಕಿರಿಯನಿಂದ ಶುರು ಮಾಡಿ. ನೀವು ಮೊದಲು ಮಾತಾಡಿದರೆ ಉಳಿದವರು ನಿಮ್ಮ ಮಾತಿಗೆ ತಾಳ ಹಾಕುತ್ತಾರೆ, ಅಷ್ಟೆ. ಸಾಲಿನ ಕೊನೆಯಲ್ಲಿ ನಡೆದ ವಾಚರನಿಗೆ ನೀವು ನೋಡದ್ದು ಕಂಡಿರುತ್ತದೆ: ಮುರಿದ ಕೊಂಬೆ, ಕಲ್ಲಿನ ಮೇಲಿನ ಹೊಸ ಬೂದಿ, ದಾರಿ ಬಿಟ್ಟು ಹೋದ ಚಪ್ಪಲಿ ಗುರುತು. ನಾನು ಕಾಶ್ಮೀರದ ಕುಪ್ವಾರ ಕಡೆಯಿದ್ದಾಗ ನಮ್ಮ ಪ್ಲಟೂನಿನಲ್ಲಿ ಮಾತೇ ಆಡದ ಒಬ್ಬ ಸಿಪಾಯಿಯಿದ್ದ. ಅವನ ಸರದಿ ಬಂದಾಗ ಏನೂ ಇಲ್ಲ ಎನ್ನುತ್ತಿದ್ದ. ನಮ್ಮ ಹವಾಲ್ದಾರ್ ಬಿಡಲಿಲ್ಲ. 'ಏನು ನೋಡಿದೆ' ಎಂದು ಕೇಳುವುದನ್ನು ಬಿಟ್ಟು 'ನಾಯಿ ಎಲ್ಲಿ ಬೊಗಳಿತು, ಯಾವ ಮನೆಯಲ್ಲಿ ಹೊಗೆ ಇರಲಿಲ್ಲ' ಎಂದು ಕೇಳತೊಡಗಿದರು. ಹುಡುಗ ಎಲ್ಲವನ್ನೂ ಕಂಡಿದ್ದ. ಹೇಳಬೇಕಾದದ್ದು ಇಂಥದ್ದೇ ಎಂದು ಅವನಿಗೆ ಯಾರೂ ತಿಳಿಸಿಕೊಟ್ಟಿರಲಿಲ್ಲ. ಆಮೇಲಾಮೇಲೆ ಗಸ್ತಿನಲ್ಲಿ ಮುಂದೆ ನಡೆಯುವ ಸ್ಕೌಟ್ ಅವನೇ ಆದ.

ಹೊರಡುವ ಮುಂಚಿನ ಕೆಲಸವೂ ಇದೆ. ನಾವು ಸ್ಯಾಂಡ್ ಮಾಡೆಲ್ ಮಾಡುತ್ತೇವೆ, ಹೋಗುವ ನೆಲದ ಪುಟ್ಟ ಪ್ರತಿರೂಪ. ನಿಮಗೆ ಮರಳೇ ಬೇಕಿಲ್ಲ. ಶಿಬಿರದ ಪಕ್ಕದ ಜಂಬಿಟ್ಟಿಗೆ ಮಣ್ಣನ್ನು ಗುಡ್ಡ ಮಾಡಿ, ಹಳ್ಳಕ್ಕೆ ದಾರ ಎಳೆದು, ಕಾಡಿಗೆ ಹಾವಸೆ ಇಡಿ. ಮಾದರಿಯನ್ನು ನೀವು ಮಾಡಬೇಡಿ, ವಾಚರುಗಳೇ ಮಾಡಲಿ. ನಿಮಗಿಂತ ಆ ಕಾಡು ಅವರಿಗೇ ಚೆನ್ನಾಗಿ ಗೊತ್ತು. ಮಾಡುತ್ತಾ ಮಾಡುತ್ತಾ 'ಇಲ್ಲೊಂದು ಕಾಲುದಾರಿ ಇದೆ' ಎನ್ನುತ್ತಾರೆ. ಆಮೇಲೆ ಕೋಲು ಅವರ ಕೈಗೆ ಕೊಟ್ಟು 'ನಾವು ಬೇರೆ ಬೇರೆಯಾದರೆ ಎಲ್ಲಿ ಸೇರುವುದು, ನನಗೆ ಹಾವು ಕಚ್ಚಿದರೆ ವೈರ್‌ಲೆಸ್ ಯಾರು ಹಿಡಿಯುವುದು' ಎಂದು ಕೇಳಿ. ಉತ್ತರ ಬರದಿದ್ದರೆ ಅವತ್ತು ಅರ್ಧ ಗಂಟೆ ತಡವಾಗಿ ಹೊರಡಿ.

ಮಿಜೋರಾಂನ ವೈರೆಂಗ್ಟೆಯಲ್ಲಿ ಸೇನೆಯ ಕಾಡುಯುದ್ಧದ ಶಾಲೆ ಇದೆ. ಅಲ್ಲಿನ ಮಳೆ, ಇಂಬಳ, ಬಿದಿರು ನೋಡಿದರೆ ನಮ್ಮ ಆಗುಂಬೆ ಘಾಟಿ ನೆನಪಾಗುತ್ತದೆ. ಮಳೆಗಾಲದ ಗಸ್ತಿನಲ್ಲಿ ದಿನದ ಕೊನೆಯ ಕೆಲಸ ಕಾಲಿನ ತಪಾಸಣೆ. ಹುಡುಗರ ಬೂಟು ಕಳಚಿಸಿ ಬೆರಳ ಸಂದಿ ನೀವೇ ಬಗ್ಗಿ ನೋಡಿ, ಒಣಬಟ್ಟೆಯಲ್ಲಿ ಒರೆಸಿಕೊಳ್ಳಲು ಹೇಳಿ. ಇದು ಉಪಚಾರದ ಮಾತಲ್ಲ. ಕಾಲು ಕೊಳೆತವನು ನಾಳೆ ನಡೆಯಲಾರ. ನೀವು ಬಗ್ಗಿ ನೋಡಿದ್ದನ್ನು ಕಂಡ ವಾಚರ್ ನಾಳೆ ತನ್ನ ಪಕ್ಕದವನ ಕಾಲು ನೋಡುತ್ತಾನೆ.

ನಾನೂ ನಿವೃತ್ತ ಹವಾಲ್ದಾರ್. ಈಗಿನ ಹುಡುಗರು ಎಲ್ಲದಕ್ಕೂ 'ಯಾಕೆ' ಎನ್ನುತ್ತಾರೆ. ನಾವು ಹುಕುಂ ಎಂದರೆ ಹುಕುಂ ಎಂದಿದ್ದೆವು. ಸಾಲದ್ದಕ್ಕೆ ರಾತ್ರಿಯಾದರೆ ಮೊಬೈಲ್ ಹಿಡಿದು ಕೂರುತ್ತಾರೆ. ಇವರನ್ನು ಹೇಗೆ ತಿದ್ದುತ್ತಾರೋ!
*ಸಾಗರದ ಓದುಗ*

ನಿಮ್ಮ ಸರ್ವಿಸಿಗೆ ನಮಸ್ಕಾರ. ಆದರೆ ಈ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಎಷ್ಟೋ ಜನ ಹತ್ತನೇ ಕ್ಲಾಸು ಮುಗಿಸಿ, ಕೆಲವರು ಅದನ್ನೂ ಮುಗಿಸದೆ ಬಂದವರು. ಇವರು ಪಿಯುಸಿ, ಐಟಿಐ, ಡಿಪ್ಲೊಮಾ ಓದಿ ಬರುತ್ತಾರೆ. ಇನ್ಫೆಂಟ್ರಿ ಬೆಟಾಲಿಯನ್ನಿನಲ್ಲಿ ಈಗ ಡ್ರೋನ್ ಪ್ಲಟೂನುಗಳು ಬಂದಿವೆ. ಅಲ್ಲಿ ಹತ್ತೊಂಬತ್ತರ ಹುಡುಗ ಸುಬೇದಾರರಿಗೆ ಪಾಠ ಹೇಳುವ ದಿನ ಬಂದಿದೆ. ಆ ಹುಡುಗ 'ಯಾಕೆ' ಎಂದು ಕೇಳದೆ ಅಷ್ಟು ಕಲಿತಿರುತ್ತಾನೆಯೇ?

'ಯಾಕೆ' ಎನ್ನುವುದರಲ್ಲಿ ಎರಡು ಬಗೆಯಿದೆ. ಫೈರ್ ನಡೆಯುತ್ತಿರುವಾಗ ಕೇಳಿದರೆ ಅದು ಅಶಿಸ್ತು. ಕ್ಲಾಸಿನಲ್ಲಿ, ಸ್ಯಾಂಡ್ ಮಾಡೆಲ್ಲಿನ ಮುಂದೆ, ಬೆಳಿಗ್ಗೆ ಹತಾರು ಒರೆಸುವಾಗ ಕೇಳಿದರೆ ಅದು ಕಲಿಕೆ. ಇಲ್ಲಿ ಉತ್ತರ ಸಿಕ್ಕಿದವನು ಅಲ್ಲಿ ಕೇಳುವುದಿಲ್ಲ. ರಾತ್ರಿ ಸಂತ್ರಿ ಡ್ಯೂಟಿಯಲ್ಲಿ ಬೀಡಿ ಸೇದಬಾರದು ಎಂದು ಹೇಳಿದರೆ ಹುಡುಗ ನೀವು ಇರುವಾಗ ಮಾತ್ರ ಸೇದುವುದಿಲ್ಲ. ಅಮಾವಾಸ್ಯೆಯ ಕತ್ತಲಲ್ಲಿ ಅವನನ್ನು ಎದುರು ಗುಡ್ಡಕ್ಕೆ ಕರೆದೊಯ್ದು, ಈಚೆ ಗುಡ್ಡದಲ್ಲಿ ಒಬ್ಬನಿಗೆ ಬೆಂಕಿಕಡ್ಡಿ ಗೀರಲು ಹೇಳಿ ತೋರಿಸಿ. ಅವನು ಮತ್ತೆಂದೂ ಸೇದುವುದಿಲ್ಲ, ಸೇದುವವನನ್ನು ತಡೆಯುತ್ತಾನೆ. ಅಷ್ಟು ದೂರ ನಡೆಸಿಕೊಂಡು ಹೋಗುವ ತಾಳ್ಮೆ ನಾಯಕನಿಗೆ ಇರಬೇಕು. ಕಾರಣ ಹೇಳಿದರೆ ಅಧಿಕಾರ ಕಡಿಮೆಯಾಗುತ್ತದೆ ಎನ್ನುವವರನ್ನು ನಾನೂ ಕಂಡಿದ್ದೇನೆ. ಅವರ ಸೆಕ್ಷನ್ ಅವರ ಬೆನ್ನು ತಿರುಗಿದ ಕೂಡಲೇ ಚೆದುರುತ್ತಿತ್ತು.

ಮೊಬೈಲಿನ ಬಗ್ಗೆ ನೀವು ಬರೆದದ್ದನ್ನು ಮಾತ್ರ ಒಪ್ಪುತ್ತೇನೆ. ಬ್ಯಾರಕ್ಕಿನಲ್ಲಿ ರಾತ್ರಿ ಎಲ್ಲರೂ ತಮ್ಮ ತಮ್ಮ ಮಂಚದ ಮೇಲೆ ಒಬ್ಬೊಬ್ಬರೇ ಆಗಿಬಿಡುತ್ತಾರೆ. ಅದಕ್ಕೆ ಬೈಗುಳ ಮದ್ದಲ್ಲ. ವಾಲಿಬಾಲ್ ನೆಟ್ ಕಟ್ಟಿ ಹವಾಲ್ದಾರ್ ತಾನೇ ಮೊದಲು ಮೈದಾನಕ್ಕೆ ಇಳಿದರೆ ಅರ್ಧ ಜನ ತಾವಾಗಿ ಬರುತ್ತಾರೆ.

ಶಿವಮೊಗ್ಗದ ಕಾಲೇಜೊಂದರಲ್ಲಿ ಎನ್‌ಸಿಸಿ ಕೆಡೆಟ್ ಆಗಿದ್ದೇನೆ. 'ಸಿ' ಸರ್ಟಿಫಿಕೇಟ್ ಮುಗಿಸಿ ಚೆನ್ನೈನ ಓಟಿಎಗೆ (ಸೇನಾಧಿಕಾರಿಗಳ ತರಬೇತಿ ಅಕಾಡೆಮಿಗೆ) ಹೋಗುವ ಆಸೆ. ಅಧಿಕಾರಿಯಾದ ಮೇಲೆ ನನ್ನ ತಂದೆಯ ವಯಸ್ಸಿನ ಸುಬೇದಾರರಿಗೆ ಒಬ್ಬ ಹುಡುಗಿ ಏನು ತಾನೆ ಕಲಿಸಬಲ್ಲಳು?
*ಶಿವಮೊಗ್ಗದ ವಿದ್ಯಾರ್ಥಿನಿ*

ಮಗಳೇ, ಹುಡುಗಿ ಎಂಬ ಮಾತು ಬಿಟ್ಟುಬಿಡು. ಚೆನ್ನೈನ ಓಟಿಎ 1992ರಿಂದ ಹೆಣ್ಣುಮಕ್ಕಳನ್ನು ಅಧಿಕಾರಿಗಳನ್ನಾಗಿ ಮಾಡುತ್ತಿದೆ. 49 ವಾರದ ತರಬೇತಿ ಮುಗಿಸಿ ಭುಜದ ಮೇಲೆ ಎರಡು ನಕ್ಷತ್ರ ಬಂದವರಿಗೆ ಸುಬೇದಾರ್ ಸೆಲ್ಯೂಟ್ ಹೊಡೆಯುವಾಗ ಅದರಲ್ಲಿ ಅರೆಮನಸ್ಸು ಇರುವುದಿಲ್ಲ.

ಮೊದಲ ತಿಂಗಳು ನೀನು ಅವರಿಗೆ ಏನೂ ಕಲಿಸಬೇಡ. ನಿನ್ನ ಸುಬೇದಾರರ ಜೊತೆ ಸಂಜೆ ಲೈನಿನಲ್ಲಿ ನಡೆ. ಯಾರ ಮನೆಯಲ್ಲಿ ಏನು, ಯಾರು ಓದಬಲ್ಲರು, ಯಾರನ್ನು ಕೇಡರಿಗೆ ಕಳಿಸಬಹುದು ಎಂದು ಕೇಳು. ಅವರಿಗೆ ಎಲ್ಲಾ ಗೊತ್ತಿರುತ್ತದೆ, ಕೇಳುವವರು ಬೇಕು. ಆಮೇಲೆ ನಿನ್ನಿಂದ ಆಗುವುದು ಒಂದಿದೆ. ಅವರು ಇಪ್ಪತ್ತು ವರ್ಷ ಮಾಡಿಕೊಂಡು ಬಂದದ್ದನ್ನು ಕಾಗದಕ್ಕೆ ಇಳಿಸಲು, ಹೊಸ ಉಪಕರಣಕ್ಕೆ ಹೊಂದಿಸಲು, ಮೇಲಿನವರ ಮುಂದೆ ಅವರ ಪರವಾಗಿ ವಾದಿಸಲು ನಿನಗೆ ಬರುತ್ತದೆ. ನಾನು ನಾಯಬ್ ಸುಬೇದಾರನಾಗಿದ್ದಾಗ ಒಬ್ಬ ಎಳೆಯ ಲೆಫ್ಟಿನೆಂಟ್ ಬಂದರು. ನನ್ನ ಪ್ಲಟೂನಿನ ಫೈರಿಂಗ್ ಫಲಿತಾಂಶಗಳನ್ನು ರಾತ್ರಿ ಕೂತು ಒಬ್ಬೊಬ್ಬನದೂ ಬೇರೆ ಬೇರೆ ಬರೆದು, 'ಸಾಬ್, ಈ ಮೂವರ ಗುಂಡು ಯಾವಾಗಲೂ ಎಡಕ್ಕೇ ಹೋಗುತ್ತಿದೆ, ಯಾಕಿರಬಹುದು' ಎಂದು ಕೇಳಿದರು. ಟ್ರಿಗರನ್ನು ಒತ್ತುವ ಬದಲು ಕಿತ್ತು ಎಳೆಯುವ ಚಾಳಿ ಆ ಮೂವರಿಗೂ ಇತ್ತು. ಕಾರಣ ನಾನು ಹೇಳಿದೆ, ಪ್ರಶ್ನೆ ಅವರದ್ದು. ಆ ಮೂವರನ್ನೂ ಇಬ್ಬರೂ ಸೇರಿ ತಿದ್ದಿದೆವು. ನಿನಗೆ ಬೇಕಾದದ್ದು ಅಂಥ ಪ್ರಶ್ನೆ.

ಊಟದ ಮೊದಲು ಲಂಗರಿಗೆ (ಜವಾನರ ಅಡುಗೆಮನೆಗೆ) ಹೋಗಿ ಜವಾನರ ತಟ್ಟೆ ನೋಡು. ಓಟದಲ್ಲಿ ಕೊನೆಯವನ ಜೊತೆ ಓಡು.

ನನ್ನ ಗಂಡ ರಜೆಯಲ್ಲಿ ಮನೆಗೆ ಬಂದಾಗಲೂ ಅವರ ಸೆಕ್ಷನ್ ಕಮಾಂಡರ್ ಫೋನ್ ಮಾಡಿ 'ಜಮೀನಿನ ತಕರಾರು ಎಲ್ಲಿಗೆ ಬಂತು, ಅಮ್ಮನ ಕಣ್ಣಿನ ಆಪರೇಷನ್ ಆಯಿತಾ' ಎಂದು ವಿಚಾರಿಸುತ್ತಾರೆ. ನಮ್ಮ ಮನೆಯ ವಿಷಯ ಅವರಿಗೆ ಯಾಕೆ?
*ಶಿಕಾರಿಪುರದ ಓದುಗರು*

ತಾಯಿ, ಅದು ಅವರ ಕೆಲಸದ ಭಾಗ. ನನ್ನ ಮೊದಲ ಸೆಕ್ಷನ್ ಕಮಾಂಡರ್ ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೊಂಡಿದ್ದರು. ಒಬ್ಬೊಬ್ಬನಿಗೂ ಒಂದು ಹಾಳೆ. ಊರು, ಹತ್ತಿರದ ರೈಲು ನಿಲ್ದಾಣ, ಮನೆಯಲ್ಲಿ ಯಾರಿದ್ದಾರೆ, ಸಾಲ ಎಷ್ಟು, ಕೊನೆಯ ಫೈರಿಂಗಿನಲ್ಲಿ ಏನಾಯಿತು, ಮುಂದೆ ಯಾವ ಕೋರ್ಸು. ಎಲ್ಲವೂ ಅಲ್ಲಿರುತ್ತಿತ್ತು. ಮನೆಯದು ಬೇರೆ, ತರಬೇತಿಯದು ಬೇರೆ ಎಂದು ಅವರು ಹಾಳೆ ಹರಿದಿರಲಿಲ್ಲ. ಕಾರಣ ಇದೆ. ಬೇಲಿ ಸರಿಸಿದರು ಎಂಬ ಫೋನು ಬಂದ ರಾತ್ರಿ ಜವಾನನನ್ನು ಸಂತ್ರಿ ನಿಲ್ಲಿಸಿದರೆ ಅವನ ಕಣ್ಣು ಮುಂದಿರುತ್ತದೆ, ಮನಸ್ಸು ಶಿಕಾರಿಪುರದ ಗದ್ದೆಯಲ್ಲಿರುತ್ತದೆ. ಅದನ್ನು ಗುರುತು ಹಿಡಿದು ಡ್ಯೂಟಿ ಬದಲಾಯಿಸಬಲ್ಲವನು ಹತ್ತು ಜನರ ಜೊತೆಗೇ ಮಲಗಿ ಏಳುವ ಸೆಕ್ಷನ್ ಕಮಾಂಡರ್ ಒಬ್ಬನೇ. ಮೇಲಿನ ಅಧಿಕಾರಿಗೆ ಅದು ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಹೀಗೆ ವಿಚಾರಿಸಿಕೊಳ್ಳುವವರ ಕೈಕೆಳಗೆ ಬೆಳೆದ ಜವಾನ ತಾನು ನಾಯಕ್ ಆದಾಗ ತನ್ನ ಹುಡುಗರನ್ನೂ ವಿಚಾರಿಸಿಕೊಳ್ಳುತ್ತಾನೆ. ಇದು ಯಾವ ಕೋರ್ಸಿನಲ್ಲೂ ಹೇಳಿಕೊಟ್ಟು ಬರುವಂಥದ್ದಲ್ಲ.

ಅದಕ್ಕೆ ಫೋನ್ ಬಂದಾಗ ಮುಚ್ಚಿಡಬೇಡಿ. ಜಮೀನಿನ ತಕರಾರಿಗೆ ಯೂನಿಟ್ಟಿನಿಂದ ಜಿಲ್ಲಾಧಿಕಾರಿಗೆ ಪತ್ರ ಬರೆಸಬಹುದು. ಶಿವಮೊಗ್ಗದ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲೂ ಅರ್ಜಿ ಕೊಡಬಹುದು. ಪತ್ರ ಬರೆಯಬೇಕಾದರೆ ಸರ್ವೆ ನಂಬರ್, ತಕರಾರಿನ ವಿವರ ಎಲ್ಲಾ ಬೇಕು. ಸೆಕ್ಷನ್ ಕಮಾಂಡರ್ ಅದನ್ನು ಸುಬೇದಾರರಿಗೆ, ಅವರು ಕಂಪನಿ ಕಮಾಂಡರಿಗೆ ಮುಟ್ಟಿಸುತ್ತಾರೆ. ನಿಮ್ಮವರು ರಜೆ ಮುಗಿಸಿ ಹೊರಡುವ ಮೊದಲು ನಾಡಕಚೇರಿಗೆ ಹೋಗಿ ಪಹಣಿ ತೆಗೆಸಿ, ಸರ್ವೆ ನಕ್ಷೆಯ ನಕಲು ಜೊತೆಗಿಟ್ಟು ಕಳಿಸಿ. ಅಮ್ಮನ ಆಪರೇಷನ್ ತಾರೀಖು ನಿಗದಿಯಾಗಿದ್ದರೆ ಅದನ್ನೂ ಒಂದು ಚೀಟಿಯಲ್ಲಿ ಬರೆದು ಕೊಡಿ. ಕ್ಯಾಷುಯಲ್ ರಜೆ ಹಂಚುವಾಗ ಅದು ಮುಂದಿರಲಿ.